ಹಳೇ ಲ್ಯಾಪ್‌ಟಾಪಲ್ಲಿ ಎಕ್ಸ್‌ಟರ್ಮ್: ಒಂದೇ ಫೈಲಲ್ಲಿ ಕಣ್ಣಿಗೆ ಹಿತವಾಗಿ ಮಾಡ್ಕೊಳ್ಳೋದು ಹೇಗೆ

ಮುಂಬೈ ಹತ್ತಿರದ ಡೊಂಬಿವಲಿಲಿ ನಮ್ಮದು ಒನ್ ರೂಮ್ ಕಿಚನ್ ಮನೆ, ರಾತ್ರಿ ಹನ್ನೊಂದಕ್ಕೆ ಲೈಟ್ ಆಫ್ ಆದ್ಮೇಲೆ ಯಾರಾದ್ರೂ ಕಂಪ್ಯೂಟರ್ ತೆಗೆದ್ರೆ ಅದ್ರ ಬೆಳಕು ಗೋಡೆ ಪೂರ್ತಿ ಬೀಳತ್ತೆ, ಮಲಗಿದವ್ರು ಆಚೆ ಈಚೆ ಹೊರಳೋಕೆ ಶುರು ಮಾಡ್ತಾರೆ. ನನ್ನ ಅಕ್ಕನ ಮಗ ಕಾರ್ಕಳದಿಂದ ಬಂದು ಮಾಟುಂಗದ ಒಂದು ಹೋಟೆಲಲ್ಲಿ ಗಲ್ಲಾದಲ್ಲಿ ಕೂರ್ತಾನೆ, ಕೆಲಸ ಮುಗಿಸಿ ಸ್ಲೋ ಲೋಕಲ್ ಹಿಡಿದು ಮನೆಗೆ ಬಂದು ಊಟ ಮಾಡಿ ಆಮೇಲೆ ಲಿನಕ್ಸ್ ಕಲೀತಾನೆ, ಅವನಿಗೆ ಸಿಗೋ ಟೈಮೇ ಅದು. ಲ್ಯಾಪ್‌ಟಾಪ್ ಲ್ಯಾಮಿಂಗ್ಟನ್ ರೋಡಲ್ಲಿ ತಗೊಂಡ ಸೆಕೆಂಡ್ ಹ್ಯಾಂಡ್, 2 ಜಿಬಿ ರ್ಯಾಮ್. ಡೆಬಿಯನ್ ಅನ್ನೋ ಲಿನಕ್ಸ್ ಹಾಕಿ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಕೊಟ್ಟಿದ್ದೆ, ಬ್ರೌಸರ್ ತೆಗೆದ್ರೆ ಅರ್ಧ ಮೆಮೊರಿ ಅಲ್ಲೇ ಹೋಗತ್ತೆ, ಹಾಗಾಗಿ ಟರ್ಮಿನಲ್ಲಾದ್ರೂ, ಅಂದ್ರೆ ಕಮಾಂಡ್ ಟೈಪ್ ಮಾಡೋ ಕಿಟಕಿಯಾದ್ರೂ, ಹಗುರದ್ದು ಇರ್ಲಿ ಅಂತ ಎಕ್ಸ್‌ಟರ್ಮ್ ತೆಗೆದು ತೋರಿಸ್ದೆ. ಅವನು ನೋಡಿದವನೇ, "ಇದೆಂಥ ಮಾವ, ಇರುವೆ ಸಾಲಿನ ಹಾಗೆ ಉಂಟಲ್ಲ" ಅಂದ.

ಅವನು ಹೇಳಿದ್ದು ಸರಿ. ಎಕ್ಸ್‌ಟರ್ಮ್ ಮೊದಲು ತೆರೆದಾಗ ಬರೋದು ಫಿಕ್ಸ್ಡ್ ಅನ್ನೋ ಹಳೇ ಕಾಲದ ಬಿಟ್‌ಮ್ಯಾಪ್ ಫಾಂಟು, ಈಗಿನ ಸ್ಕ್ರೀನಲ್ಲಿ ಅದು ಸಾಸಿವೆ ಕಾಳಿನಷ್ಟು ಕಾಣತ್ತೆ, ತುಂಬಾ ಜನ ಅದನ್ನ ನೋಡಿ ಎರಡೇ ನಿಮಿಷದಲ್ಲಿ ಮುಚ್ಚಿಬಿಡ್ತಾರೆ. ನನಗೆ ಬೇಜಾರಾಗೋದು ಅದಕ್ಕೇ, ಯಾಕಂದ್ರೆ ಈ ಪ್ರೋಗ್ರಾಮಲ್ಲಿ ಬದಲಾಯಿಸೋಕೆ ಆಗದೇ ಇರೋದು ಅಂತ ಹೆಚ್ಚು ಕಮ್ಮಿ ಏನೂ ಇಲ್ಲ, ಆದ್ರೆ ಸೆಟ್ಟಿಂಗ್ಸ್ ಅಂತ ಒಂದು ಬಟನ್ ಇಲ್ಲದೇ ಇರೋದ್ರಿಂದ ಯಾರಿಗೂ ಗೊತ್ತಾಗಲ್ಲ. ಎಲ್ಲಾ ಇರೋದು ಒಂದು ಟೆಕ್ಸ್ಟ್ ಫೈಲಲ್ಲಿ. ಅರ್ಧ ಗಂಟೆ ಕೂತು ಒಂದ್ಸಲ ಬರೆದಿಟ್ರೆ ಮುಂದಿನ ಲ್ಯಾಪ್‌ಟಾಪಿಗೂ ಅದೇ ಫೈಲ್ ನಡೆಯತ್ತೆ.

ಸ್ವಲ್ಪ ಹಿನ್ನೆಲೆ ಹೇಳ್ತೀನಿ, ಮುಂದೆ ಕೆಲವು ಹೆಸರು ಬಂದಾಗ ಬೇಕಾಗತ್ತೆ. 1978ರಲ್ಲಿ ಡಿಇಸಿ ಕಂಪನಿ ವಿಟಿ100 ಅಂತ ಒಂದು ಟರ್ಮಿನಲ್ ಮಾರ್ಕೆಟಿಗೆ ತಂದಿತ್ತು, ಕೀಬೋರ್ಡು ಮತ್ತೆ ಪರದೆ ಇರೋ ನಿಜವಾದ ಡಬ್ಬ, ಸಾಲಿಗೆ 80 ಅಕ್ಷರ, ಒಟ್ಟು 24 ಸಾಲು. ಕಂಪ್ಯೂಟರ್ ಬೇರೆ ಎಲ್ಲೋ ಇರ್ತಿತ್ತು. ಆ ಥರದ ಡಬ್ಬ ಮಾಡ್ತಿದ್ದ ಕೆಲಸವನ್ನ ಒಂದು ಕಿಟಕಿಯೊಳಗೆ ಮಾಡೋ ಪ್ರೋಗ್ರಾಮಿಗೇ ಟರ್ಮಿನಲ್ ಎಮ್ಯುಲೇಟರ್ ಅನ್ನೋದು. ಎಕ್ಸ್‌ಟರ್ಮ್ ಹುಟ್ಟಿದ್ದು 1984ರಲ್ಲಿ, ಪರದೆ ಮೇಲೆ ಕಿಟಕಿಗಳನ್ನ ತೋರಿಸೋ ಎಕ್ಸ್ ವಿಂಡೋ ಸಿಸ್ಟಮ್ ಎಂಐಟಿಯಲ್ಲಿ ಶುರುವಾದ ವರ್ಷವೇ, ಮತ್ತೆ 1996ರಿಂದ ಥಾಮಸ್ ಡಿಕ್ಕಿ ಅನ್ನೋರು ಅದನ್ನ ನೋಡ್ಕೊಳ್ತಾ ಬಂದಿದ್ದಾರೆ. ಇವತ್ತಿಗೂ ಹೊಸ ಆವೃತ್ತಿ ಬರ್ತಾ ಇರತ್ತೆ.

ಶುರು ಮಾಡೋ ಮೊದಲು

ಕೆಳಗೆ ನಾನು ಕನ್ನಡದಲ್ಲಿ ಬರೆದಿರೋ ಕಮಾಂಡು, ಸೆಟ್ಟಿಂಗ್ ಹೆಸರು ಎಲ್ಲಾನೂ ನೀವು ಟೈಪ್ ಮಾಡೋವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡ್ಬೇಕು. ಸೆಟ್ಟಿಂಗ್ ಹೆಸರಲ್ಲಿ ದೊಡ್ಡಕ್ಷರ ಸಣ್ಣಕ್ಷರ ತಪ್ಪಿದ್ರೆ ಎರರ್ ಕೂಡ ಬರಲ್ಲ, ಸುಮ್ನೆ ಏನೂ ಆಗಲ್ಲ, ಅದೇ ಜಾಸ್ತಿ ತಲೆ ತಿನ್ನೋದು.

ಡೆಬಿಯನ್, ಉಬುಂಟು, ಮಿಂಟ್ ಇದ್ದವ್ರು ಸುಡೋ ಆಪ್ಟ್ ಇನ್‌ಸ್ಟಾಲ್ ಎಕ್ಸ್‌ಟರ್ಮ್ ಅಂತ ಕೊಡಿ (ಸುಡೋ ಅಂದ್ರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ), ಫೆಡೋರಾದಲ್ಲಿ ಆಪ್ಟ್ ಬದಲು ಡಿಎನ್‌ಎಫ್. ಡೆಬಿಯನ್ನಲ್ಲಿ ಮೆನು ತೆಗೆದ್ರೆ ಎಕ್ಸ್‌ಟರ್ಮ್ ಜೊತೆಗೆ ಯುಎಕ್ಸ್‌ಟರ್ಮ್ ಅಂತ ಇನ್ನೊಂದು ಕಾಣತ್ತೆ, ಅದನ್ನ ಸದ್ಯಕ್ಕೆ ಮುಟ್ಟಬೇಡಿ. ಅದು ಒಳಗೆ ಅದೇ ಪ್ರೋಗ್ರಾಮು, ಆದ್ರೆ ಬೇರೆ ಹೆಸರಲ್ಲಿ ಸೆಟ್ಟಿಂಗ್ ಹುಡುಕತ್ತೆ, ಹಾಗಾಗಿ ನೀವು ಬರೆದದ್ದು ಅದಕ್ಕೆ ತಾಗಲ್ಲ. ನಮ್ಮ ಹುಡುಗ ಒಂದು ರಾತ್ರಿ ಪೂರ್ತಿ ಇದ್ರಲ್ಲೇ ಕಳೆದ, ಫೈಲ್ ಸರಿ ಇತ್ತು, ತೆರೀತಾ ಇದ್ದದ್ದು ಯುಎಕ್ಸ್‌ಟರ್ಮ್.

ಈಗ ಫೈಲ್. ನಿಮ್ಮ ಹೋಮ್ ಫೋಲ್ಡರಲ್ಲಿ ಡಾಟ್ ಎಕ್ಸ್‌ರಿಸೋರ್ಸಸ್ ಅಂತ ಹೊಸ ಫೈಲ್ ಮಾಡಿ, ಮೊದಲು ಒಂದು ಚುಕ್ಕಿ, ಆಮೇಲೆ ದೊಡ್ಡ ಎಕ್ಸ್, ಉಳಿದದ್ದೆಲ್ಲ ಸಣ್ಣಕ್ಷರ. ಹೆಸರಿನ ಮುಂದೆ ಚುಕ್ಕಿ ಇದ್ರೆ ಫೈಲ್ ಮರೆಯಾಗಿರತ್ತೆ, ಫೈಲ್ ಮ್ಯಾನೇಜರಲ್ಲಿ ಕಂಟ್ರೋಲ್ ಹೆಚ್ ಒತ್ತಿದ್ರೆ ಕಾಣತ್ತೆ. ನ್ಯಾನೋ ಇರ್ಲಿ, ಫೆದರ್‌ಪ್ಯಾಡ್ ಇರ್ಲಿ, ಯಾವ ಎಡಿಟರಾದ್ರೂ ಆಗತ್ತೆ.

ಫಾಂಟು ಮೊದಲು

ಬಣ್ಣಕ್ಕಿಂತ ಮೊದಲು ಫಾಂಟ್ ಸರಿ ಮಾಡ್ಬೇಕು ಅನ್ನೋದು ನನ್ನ ಹಠ, ಓದೋಕೆ ಆಗದೇ ಇದ್ರೆ ಬಣ್ಣ ತಗೊಂಡು ಏನು ಮಾಡೋದು. ಯಾವ ಫಾಂಟ್ ಇದೆ ಅಂತ ಎಫ್‌ಸಿ-ಲಿಸ್ಟ್ ಕಮಾಂಡ್ ತೋರಿಸತ್ತೆ, ಅದ್ರಲ್ಲಿ ಮೊನೊ ಅಂತ ಹೆಸರಿರೋದನ್ನ ಆರಿಸಿ, ಎಲ್ಲಾ ಅಕ್ಷರಕ್ಕೂ ಒಂದೇ ಅಗಲ ಇದ್ರೇನೇ ಸಾಲು ಸಾಲಾಗಿ ನಿಲ್ಲೋದು. ನಾನು ಡೆಜಾವು ಸ್ಯಾನ್ಸ್ ಮೊನೊ ಹಾಕಿದೀನಿ, ಸೊನ್ನೆಗೂ ಓ ಅಕ್ಷರಕ್ಕೂ ವ್ಯತ್ಯಾಸ ಗೊತ್ತಾಗತ್ತೆ, ಒಂದಕ್ಕೂ ಎಲ್ ಅಕ್ಷರಕ್ಕೂ ಗೊಂದಲ ಆಗಲ್ಲ, ರಾತ್ರಿ ಹನ್ನೆರಡಕ್ಕೆ ಐಪಿ ಅಡ್ರೆಸ್ ಓದೋವಾಗ ಇದರ ಬೆಲೆ ಗೊತ್ತಾಗೋದು. ಫೈಲಲ್ಲಿ ಹೀಗೆ ಬರೀರಿ:

ಎಕ್ಸ್‌ಟರ್ಮ್*ವಿಟಿ100*ಫೇಸ್‌ನೇಮ್: ಡೆಜಾವು ಸ್ಯಾನ್ಸ್ ಮೊನೊ
ಎಕ್ಸ್‌ಟರ್ಮ್*ವಿಟಿ100*ಫೇಸ್‌ಸೈಜ್: 13

ಎಕ್ಸ್‌ಟರ್ಮಲ್ಲಿ ಎಕ್ಸ್ ಮತ್ತೆ ಟಿ ಎರಡೂ ದೊಡ್ಡಕ್ಷರ, ವಿಟಿ100 ಸಣ್ಣಕ್ಷರ, ಫೇಸ್‌ನೇಮಲ್ಲಿ ಎನ್ ಮಾತ್ರ ದೊಡ್ಡದು, ಫೇಸ್‌ಸೈಜಲ್ಲಿ ಎಸ್ ಮಾತ್ರ. ಎರಡು ಪದ ಸೇರಿದ ಕಡೆ ಎರಡನೇ ಪದದ ಮೊದಲಕ್ಷರ ದೊಡ್ಡದು, ಈ ಲೆಕ್ಕ ಮುಂದಿನ ಸಾಲುಗಳಿಗೂ ಹಿಡಿಯತ್ತೆ.

ನಡುವೆ ವಿಟಿ100 ಯಾಕೆ ಅಂತ ಕೇಳಬಹುದು. ಎಷ್ಟೋ ಕಡೆ ಎಕ್ಸ್‌ಟರ್ಮ್, ಸ್ಟಾರ್, ನೇರವಾಗಿ ಸೆಟ್ಟಿಂಗ್ ಹೆಸರು ಅಂತ ಕೊಟ್ಟಿರ್ತಾರೆ, ಅದೂ ನಡೆಯತ್ತೆ, ಆದ್ರೆ ಆ ಸ್ಟಾರ್ ಅಂದ್ರೆ ಒಳಗಿರೋ ಎಲ್ಲಾದಕ್ಕೂ ಅಂತ ಅರ್ಥ, ಮೆನುಗಳಿಗೂ ಸೇರಿ. ಕಿಟಕಿ ಅಳತೆಯನ್ನ ಹಾಗೆ ಕೊಟ್ರೆ ಮೆನುಗಳ ಅಳತೆನೂ ಕೆಟ್ಟುಹೋಗತ್ತೆ. ಅಕ್ಷರ ಬರೋ ಜಾಗಕ್ಕೆ ಒಳಗಿನ ಹೆಸರು ವಿಟಿ100, ಅದೇ ಆ 1978ರ ಡಬ್ಬದ ಹೆಸರು. ಅದನ್ನ ಹೇಳಿದ್ರೆ ಸೆಟ್ಟಿಂಗ್ ಅಲ್ಲಿಗೆ ಮಾತ್ರ ಹೋಗತ್ತೆ.

ಸೇವ್ ಮಾಡಿ, ಫೈಲನ್ನ ಓದಿಸೋಕೆ ಈ ಕಮಾಂಡ್ ಕೊಡಿ: ಎಕ್ಸ್‌ಆರ್‌ಡಿಬಿ, ಸ್ಪೇಸ್, ಮೈನಸ್ ಗುರುತಿಗೆ ಅಂಟಿಸಿ ಮರ್ಜ್, ಸ್ಪೇಸ್, ಆಮೇಲೆ ಟಿಲ್ಡ (~), ಸ್ಲ್ಯಾಶ್, ಫೈಲ್ ಹೆಸರು. ಆಗಲೇ ತೆರೆದಿರೋ ಕಿಟಕಿ ಬದಲಾಗಲ್ಲ, ಹೊಸ ಎಕ್ಸ್‌ಟರ್ಮ್ ತೆರೀಬೇಕು. ಮರ್ಜ್ ಅಂದ್ರೆ ಸೇರಿಸು ಅಂತ, ಹಾಗಾಗಿ ಫೈಲಿಂದ ಒಂದು ಸಾಲು ಅಳಿಸಿದ್ರೂ ಹಳೇದು ನೆನಪಲ್ಲಿ ಉಳ್ಕೊಂಡಿರತ್ತೆ. ಎಲ್ಲಾ ಹೊಸದಾಗಿ ಓದಿಸ್ಬೇಕಾದ್ರೆ ಮರ್ಜ್ ಬದಲು ಲೋಡ್, ಈಗ ಏನೇನು ನೆನಪಲ್ಲಿದೆ ಅಂತ ನೋಡ್ಬೇಕಾದ್ರೆ ಕ್ವೆರಿ. ಏನಾದ್ರೂ ಕೆಲಸ ಮಾಡ್ತಿಲ್ಲ ಅಂದ್ರೆ ಮೊದಲು ಕ್ವೆರಿ ಕೊಟ್ಟು ನಿಮ್ಮ ಸಾಲು ಅಲ್ಲಿದೆಯಾ ನೋಡಿ, ಇದ್ರೆ ಕಾಗುಣಿತ ತಪ್ಪು, ಇಲ್ದಿದ್ರೆ ಫೈಲ್ ಓದೇ ಇಲ್ಲ.

ಸಾಲಿನ ಕೊನೆಗೆ ಸ್ಪೇಸ್ ಉಳಿದ್ರೂ ಕೆಲಸ ಕೆಡತ್ತೆ. ಕೋಲನ್ ಆದ್ಮೇಲಿನ ಸ್ಪೇಸ್ ಪರವಾಗಿಲ್ಲ, ಆದ್ರೆ ಕೊನೇಲಿ ಉಳಿದದ್ದು ನೀವು ಕೊಟ್ಟ ಹೆಸರಿನದೇ ಭಾಗ ಆಗಿಬಿಡತ್ತೆ, ಆಗ ಬಣ್ಣದ ಹೆಸರು ಗೊತ್ತಾಗಲ್ಲ ಅನ್ನತ್ತೆ. ನಿಮಗೋಸ್ಕರ ಟಿಪ್ಪಣಿ ಬರೀಬೇಕಾದ್ರೆ ಸಾಲಿನ ಶುರುಗೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ, ಸೆಟ್ಟಿಂಗಿನ ಪಕ್ಕದಲ್ಲೇ ಬರೀಬೇಡಿ.

ಬಣ್ಣ, ರಾತ್ರಿಗೆ ಹೊಂದೋ ಹಾಗೆ

ಪೂರ್ತಿ ಕಪ್ಪಿನ ಮೇಲೆ ಪೂರ್ತಿ ಬಿಳಿ ಹಾಕಿದ್ರೆ ಕತ್ತಲೆ ಕೋಣೇಲಿ ಅಕ್ಷರದ ಅಂಚು ಕುಕ್ಕತ್ತೆ, ನನಗಂತೂ ಹತ್ತು ನಿಮಿಷಕ್ಕೆ ಕಣ್ಣು ಉರಿಯತ್ತೆ. ಸ್ವಲ್ಪ ಬೂದು ಬೆರೆತ ಕಪ್ಪು, ಸ್ವಲ್ಪ ಮಾಸಿದ ಬಿಳಿ ಚೆನ್ನಾಗಿರತ್ತೆ. ಎಕ್ಸ್ ವ್ಯವಸ್ಥೇಲಿ ಬಣ್ಣಗಳಿಗೆ ಹೆಸರೇ ಇದೆ, ಗ್ರೇ0 ಅಂದ್ರೆ ಕಪ್ಪು, ಗ್ರೇ100 ಅಂದ್ರೆ ಬಿಳಿ, ಮಧ್ಯದಲ್ಲಿ ಎಲ್ಲಾ ಸಂಖ್ಯೆನೂ ಸಿಗತ್ತೆ. ನಮ್ಮನೇಲಿ ನಡೀತಾ ಇರೋದು ಇದು:

ಎಕ್ಸ್‌ಟರ್ಮ್*ವಿಟಿ100*ಬ್ಯಾಕ್‌ಗ್ರೌಂಡ್: ಗ್ರೇ12
ಎಕ್ಸ್‌ಟರ್ಮ್*ವಿಟಿ100*ಫೋರ್‌ಗ್ರೌಂಡ್: ಗ್ರೇ82

ಇವೆರಡು ಹೆಸರಲ್ಲಿ ದೊಡ್ಡಕ್ಷರ ಇಲ್ಲ, ಒಂದೇ ಪದ ಅಂತ ಲೆಕ್ಕ. ಫೋರ್‌ಗ್ರೌಂಡಿಗೆ ಗ್ರೇ ಬದಲು ವೀಟ್ ಅಂತ ಕೊಟ್ಟು ನೋಡಿ, ಗೋಧಿ ಬಣ್ಣ, ಬೆಚ್ಚಗಿರತ್ತೆ. ಹುಡುಗ ಅದನ್ನೇ ಇಟ್ಕೊಂಡಿದಾನೆ.

ಈಗ ನೀಲಿ ಸಮಸ್ಯೆ. ಫೈಲುಗಳ ಪಟ್ಟಿ ತೋರಿಸೋ ಎಲ್‌ಎಸ್ ಕಮಾಂಡ್ ಕೊಟ್ಟಾಗ ಫೋಲ್ಡರ್ ಹೆಸರು ನೀಲಿಲಿ ಬರತ್ತೆ, ಎಕ್ಸ್‌ಟರ್ಮಿನ ಆ ನೀಲಿ ಕಡು ಹಿನ್ನೆಲೆ ಮೇಲೆ ಮುಳುಗೇ ಹೋಗತ್ತೆ. ಟರ್ಮಿನಲ್ಲಿಗೆ 0ರಿಂದ 15ರವರೆಗೆ ಹದಿನಾರು ಮೂಲ ಬಣ್ಣ ಇರತ್ತೆ, 4 ನೀಲಿ, ಅದರದೇ ತಿಳಿ ರೂಪ 12. ಫೋಲ್ಡರ್ ಹೆಸರು ದಪ್ಪ ಅಕ್ಷರದ ನೀಲಿ, ಎಕ್ಸ್‌ಟರ್ಮ್ ದಪ್ಪ ಅಂದ ತಕ್ಷಣ 4ರ ಬದಲು 12 ತಗೊಳ್ಳತ್ತೆ, ಅದಕ್ಕೇ 4 ಮಾತ್ರ ಬದಲಾಯಿಸಿದವ್ರಿಗೆ ಏನೂ ಆಗಿಲ್ಲ ಅನ್ಸೋದು. ಎರಡನ್ನೂ ಬದಲಾಯಿಸಿ:

ಎಕ್ಸ್‌ಟರ್ಮ್*ವಿಟಿ100*ಕಲರ್4: ಸ್ಟೀಲ್‌ಬ್ಲೂ1
ಎಕ್ಸ್‌ಟರ್ಮ್*ವಿಟಿ100*ಕಲರ್12: ಲೈಟ್‌ಸ್ಕೈಬ್ಲೂ

ಕಲರ್ ಸ್ಪೆಲಿಂಗ್ ಅಮೆರಿಕದ್ದು, ಯು ಅಕ್ಷರ ಇಲ್ಲ. ಉಳಿದ ಹದಿನಾಲ್ಕು ಬಣ್ಣ ನಾನು ಮುಟ್ಟಿಲ್ಲ, ಬೇಕಾದವ್ರು ಮಾಡ್ಕೊಳ್ಳಿ. ಪ್ರಾಂಪ್ಟಿನ, ಅಂದ್ರೆ ಕಮಾಂಡ್ ಟೈಪ್ ಮಾಡೋ ಮುಂಚೆ ಕಾಣೋ ಸಾಲಿನ, ಬಣ್ಣ ಬದಲಾಯಿಸೋದು ಈ ಫೈಲಲ್ಲಿ ಅಲ್ಲ, ಅದು ನಾವು ಕೊಟ್ಟ ಕಮಾಂಡ್ ಓದಿ ನಡೆಸೋ ಬ್ಯಾಶ್‌ನ ಕೆಲಸ, ಡಾಟ್ ಬ್ಯಾಶ್‌ಆರ್‌ಸಿ ಫೈಲಲ್ಲಿ ಇರತ್ತೆ.

ಕಾಪಿ, ಪೇಸ್ಟು, ಹಿಂದಕ್ಕೆ ಹೋಗೋದು

ಹೊಸಬರು ಸೋಲೋದು ಇಲ್ಲೇ. ಟರ್ಮಿನಲಲ್ಲಿ ಕಂಟ್ರೋಲ್ ಸಿ ಒತ್ತಿದ್ರೆ ಕಾಪಿ ಆಗಲ್ಲ, ಓಡ್ತಾ ಇರೋ ಪ್ರೋಗ್ರಾಮ್ ನಿಂತುಹೋಗತ್ತೆ. ಎಕ್ಸ್‌ಟರ್ಮಲ್ಲಿ ಮೌಸಿಂದ ಎಳೆದು ಆರಿಸಿದ್ರೇನೇ ಕಾಪಿ ಆಯ್ತು, ಆದ್ರೆ ಅದು ಹೋಗೋದು ಪ್ರೈಮರಿ ಅನ್ನೋ ಜಾಗಕ್ಕೆ, ಬ್ರೌಸರಲ್ಲಿ ಕಂಟ್ರೋಲ್ ವಿ ಹುಡುಕೋದು ಕ್ಲಿಪ್‌ಬೋರ್ಡ್ ಅನ್ನೋ ಬೇರೆ ಜಾಗದಲ್ಲಿ. ಒಂದೇ ಸಾಲಲ್ಲಿ ಇದನ್ನ ಸರಿ ಮಾಡಬಹುದು, ಎಕ್ಸ್‌ಟರ್ಮ್*ವಿಟಿ100*ಸೆಲೆಕ್ಟ್‌ಟುಕ್ಲಿಪ್‌ಬೋರ್ಡ್: ಟ್ರೂ. ಇದು ಮೂರು ಪದ, ಟುವಿನ ಟಿ, ಕ್ಲಿಪ್‌ಬೋರ್ಡಿನ ಸಿ ದೊಡ್ಡದು. ಆಮೇಲೆ ಬ್ರೌಸರಲ್ಲಿ ಕಾಪಿ ಮಾಡಿದ್ದು ಇಲ್ಲಿ ಶಿಫ್ಟ್ ಇನ್ಸರ್ಟ್ ಒತ್ತಿದ್ರೆ ಬಂದು ಬೀಳತ್ತೆ. ಒಂದು ಎಚ್ಚರಿಕೆ ಮನಸಾರೆ ಹೇಳ್ತೀನಿ, ಎಲ್ಲಿಂದಲೋ ತಂದ ಕಮಾಂಡನ್ನ, ಅದ್ರಲ್ಲೂ ಸುಡೋ ಇರೋದನ್ನ, ಮೊದಲು ಎಡಿಟರಲ್ಲಿ ಹಾಕಿ ಓದಿ ಆಮೇಲೆ ಇಲ್ಲಿ ಪೇಸ್ಟ್ ಮಾಡಿ.

ಎಕ್ಸ್‌ಟರ್ಮ್ ತಾನಾಗಿ ನೆನಪಿಡೋದು 1024 ಸಾಲು. ಅಪ್‌ಡೇಟ್ ಕೊಟ್ರೆ ಅದು ಸಾಕಾಗಲ್ಲ, ಎರರ್ ಬಂದದ್ದು ಮೇಲೆ ಹೋಗಿ ಕಳೆದುಹೋಗತ್ತೆ, ಸೇವ್‌ಲೈನ್ಸ್ ಅನ್ನೋದನ್ನ 5000 ಮಾಡಿ. ಶಿಫ್ಟ್ ಪೇಜ್‌ಅಪ್ ಒತ್ತಿ ಹಿಂದೆ ಹೋಗಬಹುದು. ಹಿಂದೆ ಹೋಗಿ ಓದ್ತಾ ಇರೋವಾಗ ಹೊಸ ಸಾಲು ಬಂದ್ರೆ ಪಟ್ಟಂತ ಕೆಳಗೆ ಎಳ್ಕೊಂಡು ಬರತ್ತೆ, ಅದು ಬೇಡ ಅಂದ್ರೆ ಸ್ಕ್ರೋಲ್‌ಟಿಟಿವೈಔಟ್‌ಪುಟ್: ಫಾಲ್ಸ್, ಇದ್ರಲ್ಲಿ ಟಿಟಿವೈನ ಮೊದಲ ಟಿ ಮತ್ತೆ ಓ ದೊಡ್ಡದು. ಇದರ ಜೊತೆ ಸ್ಕ್ರೋಲ್‌ಕೀ: ಟ್ರೂ ಹಾಕಿದ್ರೆ ನೀವು ಟೈಪ್ ಮಾಡೋಕೆ ಶುರು ಮಾಡಿದಾಗ ತಾನಾಗೇ ಕೆಳಗೆ ಬರತ್ತೆ. ಜಿಯೋಮೆಟ್ರಿ: 100, ಎಕ್ಸ್ ಅಕ್ಷರ, 30 ಅಂತ ಸ್ಪೇಸ್ ಇಲ್ಲದೆ ಕೊಟ್ರೆ ಕಿಟಕಿ 100 ಅಕ್ಷರ ಅಗಲ, 30 ಸಾಲು ಎತ್ತರ. ಇಂಟರ್ನಲ್‌ಬಾರ್ಡರ್: 10 ಹಾಕಿ, ಅಂಚಿಗೆ ಸ್ವಲ್ಪ ಜಾಗ ಸಿಗತ್ತೆ, ಅಕ್ಷರ ಕಿಟಕಿಗೆ ಅಂಟಿಕೊಂಡ ಹಾಗಿರಲ್ಲ. ಇವೆಲ್ಲದರ ಮುಂದೆಯೂ ಎಕ್ಸ್‌ಟರ್ಮ್*ವಿಟಿ100* ಇರ್ಲೇಬೇಕು.

ಫೈಲ್ ಮುಟ್ಟದೇ ತಾತ್ಕಾಲಿಕವಾಗಿ ಏನಾದ್ರೂ ಬದಲಾಯಿಸ್ಬೇಕಾದ್ರೆ ಕಂಟ್ರೋಲ್ ಹಿಡ್ಕೊಂಡು ಮೌಸ್ ಬಟನ್ ಒತ್ತಿ ಹಿಡೀರಿ, ಎಡಕ್ಕೆ ಒಂದು ಮೆನು, ಮಧ್ಯಕ್ಕೆ ಒಂದು, ಬಲಕ್ಕೆ ಒಂದು. ಬಲಗಡೆದು ಫಾಂಟ್ ಮೆನು, ಅದ್ರಲ್ಲಿ ಟೈನಿ, ಸ್ಮಾಲ್, ಮೀಡಿಯಂ, ಲಾರ್ಜ್, ಹ್ಯೂಜ್ ಅಂತೆಲ್ಲ ಇದೆ, ಅನ್‌ರೀಡಬಲ್ ಅಂತಾನೂ ಒಂದು ಅಳತೆ ಇದೆ. ಕನ್ನಡಕ ಎಲ್ಲೋ ಇಟ್ಟು ಮರೆತ ದಿನ ನಾನು ಹ್ಯೂಜ್‌ಗೆ ಹೋಗ್ತೀನಿ.

ಲಾಗಿನ್ ಆದಾಗ, ಮತ್ತೆ ಕನ್ನಡ

ಡೆಬಿಯನ್ನಲ್ಲಿ ಲಾಗಿನ್ ಸ್ಕ್ರೀನಿಂದ ಎಕ್ಸ್ ಸೆಷನ್‌ಗೆ ಬಂದ್ರೆ ಈ ಫೈಲನ್ನ ಅದೇ ಓದ್ಕೊಳ್ಳತ್ತೆ. ಲಾಗಿನ್ ಸ್ಕ್ರೀನ್ ಇಲ್ಲದೆ ಸ್ಟಾರ್ಟ್‌ಎಕ್ಸ್ ಕಮಾಂಡ್ ಕೊಟ್ಟು ಬರೋರಿಗೆ ಹಾಗೆ ಆಗ್ತಿಲ್ಲ ಅಂದ್ರೆ ಡಾಟ್ ಎಕ್ಸ್‌ಇನಿಟ್‌ಆರ್‌ಸಿ ಫೈಲಲ್ಲಿ ಡೆಸ್ಕ್‌ಟಾಪ್ ಶುರುವಾಗೋ ಸಾಲಿಗಿಂತ ಮೇಲೆ ಆ ಎಕ್ಸ್‌ಆರ್‌ಡಿಬಿ ಸಾಲು ಸೇರಿಸಿ. ಎಕ್ಸ್ ಜಾಗಕ್ಕೆ ಬಂದಿರೋ ಹೊಸ ವ್ಯವಸ್ಥೆ ವೇಲ್ಯಾಂಡ್ ಇದ್ರೆ ಎಕ್ಸ್‌ಟರ್ಮ್, ಎಕ್ಸ್ ಪ್ರೋಗ್ರಾಮುಗಳನ್ನ ಅಲ್ಲಿ ಓಡಿಸೋ ಎಕ್ಸ್‌ವೇಲ್ಯಾಂಡ್ ಮೂಲಕ ನಡೆಯತ್ತೆ, ಆದ್ರೆ ಅಲ್ಲಿ ನಾನು ಫುಟ್ ಅನ್ನೋ ಟರ್ಮಿನಲನ್ನೇ ಹೇಳೋದು, ಅದೂ ಹಗುರ, ಅದಕ್ಕೂ ಒಂದೇ ಟೆಕ್ಸ್ಟ್ ಫೈಲು, ಫುಟ್ ಡಾಟ್ ಐಎನ್‌ಐ.

ಕನ್ನಡದ ಬಗ್ಗೆ ನೇರವಾಗಿ ಹೇಳ್ಬೇಕು. ಎಕ್ಸ್‌ಟರ್ಮ್ ಪ್ರತಿ ಅಕ್ಷರನ ಒಂದೊಂದು ಮನೇಲಿ ಕೂರಿಸೋ ಪ್ರೋಗ್ರಾಮು, ನಮ್ಮ ಒತ್ತಕ್ಷರಗಳನ್ನ ಜೋಡಿಸೋ ಕೆಲಸ ಅದಕ್ಕೆ ಬರಲ್ಲ, "ಅಕ್ಕ" ಅಂತ ಹೆಸರಿರೋ ಫೈಲ್ ಚೂರು ಚೂರಾಗಿ ಕಾಣತ್ತೆ. ಕನ್ನಡ ಫಾಂಟ್ ಎಷ್ಟೇ ಹಾಕಿದ್ರೂ ಇದು ಸರಿ ಹೋಗಲ್ಲ, ಕೊರತೆ ಫಾಂಟಲ್ಲಿ ಇಲ್ಲ. ಫೈಲಿಗೆ ಏನೂ ಆಗಿರಲ್ಲ, ಕಾಣೋದು ಮಾತ್ರ ಹಾಗೆ. ಕನ್ನಡ ಹೆಸರಿನ ಫೈಲು ಜಾಸ್ತಿ ಇರೋರು ಎಂಎಲ್‌ಟರ್ಮ್ ಹಾಕಿ ನೋಡಿ, ಹಲವು ಭಾಷೆಗೋಸ್ಕರವೇ ಮಾಡಿದ ಟರ್ಮಿನಲ್ ಅದು, ಭಾರತದ ಲಿಪಿಗಳನ್ನೂ ಗಮನದಲ್ಲಿ ಇಟ್ಕೊಂಡಿದ್ದಾರೆ. ನಾವು ಎರಡನ್ನೂ ಇಟ್ಕೊಂಡಿದೀವಿ, ಊರಿಂದ ಅಕ್ಕ ಕಳಿಸೋ ಫೋಟೋಗಳ ಫೋಲ್ಡರಿಗೆಲ್ಲ ಕನ್ನಡ ಹೆಸರು, ಅದಕ್ಕೆ ಎಂಎಲ್‌ಟರ್ಮ್, ಉಳಿದದ್ದಕ್ಕೆ ಎಕ್ಸ್‌ಟರ್ಮ್.

ಕೊನೇ ಕೆಲಸ, ಆ ಡಾಟ್ ಎಕ್ಸ್‌ರಿಸೋರ್ಸಸ್ ಫೈಲನ್ನ ಪೆನ್‌ಡ್ರೈವಿಗೆ ಕಾಪಿ ಮಾಡಿ ಇಡಿ. ಹೋದ ತಿಂಗಳು ಹುಡುಗ ತನ್ನ ಜೊತೆ ಹೋಟೆಲಲ್ಲಿ ಕೆಲಸ ಮಾಡೋ ಇನ್ನೊಬ್ಬನ ಲ್ಯಾಪ್‌ಟಾಪಿಗೆ ಅದೇ ಫೈಲ್ ಹಾಕಿಕೊಟ್ಟ, ಆ ಸ್ಕ್ರೀನ್ ದೊಡ್ಡದು, ಫೇಸ್‌ಸೈಜ್ 13 ಇದ್ದದ್ದನ್ನ 11 ಮಾಡಿದ, ಬೇರೇನೂ ಮುಟ್ಟಲಿಲ್ಲ.