ಎರಡು ರೊಟ್ಟಿ ಆಗೋ ತನಕ

ನನ್ನ ಮಗಳಿಗೆ ಈಗ ಮೂರು ವರ್ಷ ಏಳು ತಿಂಗಳು. ಎರಡು ತುಂಬಿದಾಗಿನಿಂದ ಮನೆಯಲ್ಲಿ ಅವಳ ಹಟದ್ದೇ ರಾಜ್ಯ. ಚಪ್ಪಲಿ ತಾನೇ ಹಾಕಿಕೊಳ್ಳಬೇಕು, ಬಾಳೆಹಣ್ಣು ತಾನೇ ಸುಲಿಯಬೇಕು. ನಾನು ಕೈ ಹಾಕಿದರೆ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಳು. ಕಲಬುರಗಿಯ ಮೇ ತಿಂಗಳ ಬಿಸಿಲು, ಕರೆಂಟ್ ಇಲ್ಲ, ಮಧ್ಯಾಹ್ನದ ನಿದ್ದೆ ಕೆಟ್ಟಿದೆ, ಅಂಥ ದಿನ ಒಂದು ಗಂಟೆ ಅತ್ತಿದ್ದೂ ಉಂಟು. ಬೈದೆ, ಒಂದೆರಡು ಸಲ ಹೊಡೆದೆ ಕೂಡ. ಅಳು ಜಾಸ್ತಿಯಾಯಿತು, ಅಷ್ಟೇ. ಆ ಏಟು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ದಾರಿ ಸಿಕ್ಕಿದ್ದು ಒಲೆ ಮುಂದೆ. ಒಂದಿನ ಜೋಳದ ರೊಟ್ಟಿ ಬಡಿಯುತ್ತಿದ್ದೆ, ಎತ್ತಿಕೋ ಅಂತ ಸೀರೆ ಹಿಡಿದು ಎಳೆದಳು. ದಿನಾ "ಸ್ವಲ್ಪ ತಡಿ" ಅನ್ನುತ್ತಿದ್ದವಳು ಅವತ್ತು ಯಾಕೋ "ಎರಡು ರೊಟ್ಟಿ ಆಗ್ಲಿ ತಂಗಿ, ಎತ್ಕೋತೀನಿ" ಅಂದೆ. ಅಷ್ಟು ಚಿಕ್ಕ ಮಗುವಿಗೆ "ಸ್ವಲ್ಪ" ಅಂದರೆ ಎಷ್ಟು ಅಂತ ಹೇಗೆ ಗೊತ್ತಾಗಬೇಕು, ಹೇಳಿ. ರೊಟ್ಟಿ ಹಾಗಲ್ಲ. ಬಡಿಯೋ ಸದ್ದು ಕೇಳುತ್ತೆ, ಹಂಚಿಗೆ ಹಾಕಿ ನೀರು ಸವರೋದು ಕಾಣುತ್ತೆ, ಉಬ್ಬುತ್ತೆ, ಬುಟ್ಟಿಗೆ ಬೀಳುತ್ತೆ. ಮೊದಲ ದಿನ ಎರಡನೇ ರೊಟ್ಟಿಗೆ ಅತ್ತಳು. ಆದರೆ ಸೀರೆ ಬಿಟ್ಟು ನಿಂತಿದ್ದಳು!

ಆಮೇಲೆ ಎಲ್ಲದಕ್ಕೂ ಹೀಗೇ ಮಾಡಿದೆ. ಸ್ನಾನ ಮುಗಿಸಲು ಐದು ಚೊಂಬು ನೀರು, ಮೊಬೈಲ್ ಕೊಡಲು ಒಂದು ಹಾಡು. ಆದರೆ ಎರಡು ಅಂದರೆ ಎರಡೇ ಆಗಬೇಕು. ಒಮ್ಮೆ ಇನ್ನೊಂದು ರೊಟ್ಟಿ ಸೇರಿಸಿದೆ, ಆ ವಾರವಿಡೀ ಅವಳು ನನ್ನ ಮಾತು ನಂಬಲಿಲ್ಲ. ಅವಳ ಮುತ್ಯಾ ಅಂತೂ ಮೊಮ್ಮಗಳು ಬಾಯಿ ತೆರೆಯುವ ಮೊದಲೇ ಬಿಸ್ಕತ್ತು ಕೊಟ್ಟುಬಿಡುತ್ತಿದ್ದರು. "ಮಾವ್ರೀ, ಎರಡು ಅಂದೀನಿ, ಅಷ್ಟು ಆಗ್ಲಿ ಬಿಡ್ರಿ" ಅಂತ ಎಷ್ಟು ಸಲ ಹೇಳಿದೆನೋ. ಈಗ ಅವರೇ ಅವಳ ಜೊತೆ ಕೂತು ಎಣಿಸುತ್ತಾರೆ.

ಪೂರ್ತಿ ಹಟದಲ್ಲಿದ್ದಾಗ ಮಾತ್ರ ಎಣಿಕೆಯೂ ಇಲ್ಲ, ಬುದ್ಧಿಮಾತೂ ಇಲ್ಲ. ಸುಮ್ನೆ ಪಕ್ಕ ಕೂರುತ್ತೇನೆ. ಆ ಹೊತ್ತಿನಲ್ಲಿ ಏನು ಹೇಳಿದರೂ ಕಿವಿಗೆ ಹೋಗಲ್ಲ.

ಮೂರು ತುಂಬಿದ ಮೇಲೆ ಹೊಸದೊಂದು ಶುರುವಾಯಿತು. ತನಗೆ ತಾನೇ ಮಾತಾಡಿಕೊಳ್ಳುತ್ತಾಳೆ. ಬಿಸಿ ಹಾಲಿನ ಲೋಟದ ಮುಂದೆ ಕೈ ಹಿಂದೆ ಕಟ್ಟಿಕೊಂಡು "ಸುಡ್ತದ, ಮುಟ್ಟಬ್ಯಾಡ" ಅಂತ ನನ್ನ ದನಿಯಲ್ಲೇ ಹೇಳಿಕೊಳ್ಳುತ್ತಾಳೆ. ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್ಸ್ಕಿ 1934ಕ್ಕೂ ಮೊದಲೇ ಇದನ್ನು ಗಮನಿಸಿದ್ದರು. ದೊಡ್ಡವರು ಹೇಳಿದ್ದನ್ನು ಮಗು ಮೊದಲು ಜೋರಾಗಿ ತನಗೇ ಹೇಳಿಕೊಳ್ಳುತ್ತೆ, ಹಾಗೆ ತನ್ನ ಕೈಕಾಲನ್ನು ಹಿಡಿತಕ್ಕೆ ತರುತ್ತೆ, ಕ್ರಮೇಣ ಆ ಮಾತು ಒಳಗಿಳಿದು ಯೋಚನೆಯಾಗುತ್ತೆ ಅಂತ. ಓದಿದಾಗ ಭಯವೂ ಆಯಿತು. ನಾನು ಬೈದರೆ ಆ ಬೈಗುಳವೂ ಅವಳೊಳಗೆ ಇಳಿಯುತ್ತೆ, ಅಲ್ವಾ?

ಹಟ ಕಡಿಮೆಯಾಗಿದೆಯಾ ಅಂತ ಅಕ್ಕ ಕೇಳುತ್ತಾಳೆ. ಇಲ್ಲ. ಅದೇ ಹಟದಿಂದಲೇ ಈಗ ಕಾಯುತ್ತಾಳೆ. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆಗೆ ಹೋಗಿದ್ದೆವು. ತೊಟ್ಟಿಲು ಹತ್ತಲು ಉದ್ದ ಸಾಲು. ಕೆಂಪಗಾದ ಮುಖ, ತುಟಿ ನಡುಗುತ್ತಿತ್ತು, ಈಗ ಅತ್ತಳು ಅಂದುಕೊಂಡೆ. ಅಳಲಿಲ್ಲ. ಎರಡು ಅಂಗೈ ಸೇರಿಸಿ ಗಾಳಿಯಲ್ಲೇ ತಟ್ಟತೊಡಗಿದಳು. "ಅವ್ವಾ, ಇನ್ನ ಎಷ್ಟು ರೊಟ್ಟಿ?" ಅಂದಳು. ನಮ್ಮ ಮುಂದೆ ನಿಂತವರನ್ನು ಎಣಿಸಿ, ಒಂಬತ್ತು ಅಂದೆ.