ಬೆರಳಿಗೆ ಕೆಲಸ ಬೇಕಿದ್ದ ಹೊತ್ತು

ಹೆಬ್ಬೆರಳಿನ ಉಗುರಿನ ಪಕ್ಕದ ಸಿಬಿರು ಕೀಳುವುದರಿಂದ ನನ್ನ ಚರ್ಮ ಕೀಳುವ ಚಾಳಿ ಶುರುವಾಯಿತು. ಆಗ ಹದಿಮೂರೋ ಹದಿನಾಲ್ಕೋ ವರ್ಷ. ಆಮೇಲೆ ತೋಳು, ಭುಜ, ಗಲ್ಲ. ಸಣ್ಣದೊಂದು ಗುಳ್ಳೆ ಬೆರಳಿಗೆ ತಾಕಿದರೆ ಸಾಕು, ಅದನ್ನು ಕಿತ್ತು ನುಣುಪು ಮಾಡುವ ತನಕ ಜೀವಕ್ಕೆ ಸಮಾಧಾನವಿಲ್ಲ. ಕಿತ್ತಲ್ಲಿ ಹಕ್ಕಳೆ ಕಟ್ಟುತ್ತದೆ, ಆ ಹಕ್ಕಳೆಯೇ ಮತ್ತೆ ಬೆರಳಿಗೆ ತಾಕುತ್ತದೆ. ಭುಜದ ಒಂದು ಗಾಯ ಹೀಗೇ ಮೂರು ತಿಂಗಳು ಮಾಯಲಿಲ್ಲ. "ಕೈ ತೆಗಿ" ಎಂದು ಅಮ್ಮ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಕೈ ಅಲ್ಲಿಗೆ ಹೋದದ್ದೇ ನನಗೆ ಗೊತ್ತಿರುತ್ತಿರಲಿಲ್ಲ.

ಇದಕ್ಕೆ ಎಕ್ಸ್‌ಕೋರಿಯೇಷನ್ ಡಿಸಾರ್ಡರ್, ಅಂದರೆ ಚರ್ಮ ಕೀಳುವ ಕಾಯಿಲೆ, ಎಂಬ ಹೆಸರಿದೆ, 2013ರಲ್ಲಿ ಬಂದ ಡಿಎಸ್ಎಂ-5 (ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ) ಇದನ್ನು ಗೀಳಿನ ಕಾಯಿಲೆಗಳ ಗುಂಪಿನಲ್ಲಿ ಸೇರಿಸಿದೆ ಎಂದು ಆಪ್ತಸಮಾಲೋಚಕರು ಹೇಳಿದ ದಿನ ನಾನು ಅತ್ತೆ. ಇಷ್ಟು ವರ್ಷ ಅದನ್ನು ನನ್ನ ಕೆಟ್ಟ ಚಾಳಿ ಎಂದುಕೊಂಡಿದ್ದೆ.

ಇದನ್ನು ಹತೋಟಿಗೆ ತರಲು ನಾನು ವ್ಯಾಯಾಮವನ್ನು ಹೇಗೆ ಬಳಸಿಕೊಂಡೆ ಎಂಬುದನ್ನು ಹೇಳುತ್ತೇನೆ. ವ್ಯಾಯಾಮ ನನಗೆ ಹೊಸದಲ್ಲ. ಆತಂಕಕ್ಕೆ ಒಳ್ಳೆಯದೆಂದು ಬೆಳಿಗ್ಗೆ ಓಡುತ್ತಲೇ ಇದ್ದೆ. ಮಧ್ಯಾಹ್ನದವರೆಗೆ ಮನಸ್ಸು ಹಗುರ, ನಿದ್ದೆಯೂ ಸುಧಾರಿಸಿತ್ತು. ಚರ್ಮ ಮಾತ್ರ ಹಾಗೆಯೇ ಇತ್ತು. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ ಎಂದರು ಸಮಾಲೋಚಕರು: ಕಿತ್ತದ್ದು ಎಷ್ಟು ಗಂಟೆಗೆ, ಎಲ್ಲಿ ಕೂತು, ಅದಕ್ಕೆ ಮುಂಚೆ ಮೈಯಲ್ಲಿ ಏನಾಗುತ್ತಿತ್ತು. ಹದಿನಾಲ್ಕು ದಿನದ ಪುಟಗಳನ್ನು ಒಟ್ಟಿಗೆ ನೋಡಿದರೆ ಹೆಚ್ಚಿನದೆಲ್ಲ ಸಂಜೆ ಆರೂವರೆಯಿಂದ ಎಂಟರ ನಡುವೆ. ಕೆಲಸ ಮುಗಿದಿರುತ್ತದೆ, ಅದರ ಬಿಗಿ ಇನ್ನೂ ದವಡೆಯಲ್ಲಿ, ಎದೆಯಲ್ಲಿ ಇರುತ್ತದೆ, ಕೈಗೆ ಮಾತ್ರ ಏನೂ ಕೆಲಸವಿಲ್ಲ. ನನ್ನ ಓಟ ಇದಕ್ಕೆ ಹನ್ನೆರಡು ಗಂಟೆ ಮೊದಲೇ ಮುಗಿದುಹೋಗುತ್ತಿತ್ತು.

ಹಾಗಾಗಿ ವ್ಯಾಯಾಮವನ್ನು ಸಂಜೆ ಆರೂಕಾಲಕ್ಕೆ ತಂದೆ. ಕುರ್ಚಿಯಲ್ಲಿ ಕೂರುವ ಮೊದಲೇ ಹೊರಡುವುದು, ಅದೊಂದೇ ನಿಯಮ. ಕೂತರೆ ಕೈ ತೋಳಿಗೆ ಹೋಯಿತೆಂದೇ ಲೆಕ್ಕ. ಮೊದಲ ವಾರ ಬರೀ ಇಪ್ಪತ್ತೈದು ನಿಮಿಷ ಬಿರುಸಿನ ನಡಿಗೆ. ನಂತರ ವಾರಕ್ಕೆ ಮೂರು ದಿನ ಸ್ಕಿಪ್ಪಿಂಗ್, ಎರಡು ದಿನ ಡಂಬೆಲ್. ಇವನ್ನು ಆರಿಸಿದ್ದು ಎರಡೂ ಕೈ ಏನನ್ನಾದರೂ ಹಿಡಿದಿರಲಿ ಎಂದು. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಬಿರುಸಿನ ವ್ಯಾಯಾಮ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾನು ಅಲ್ಲಿಗೆ ಮುಟ್ಟಿದ್ದು ಮೂರನೇ ತಿಂಗಳಿಗೆ.

ಸ್ಕಿಪ್ಪಿಂಗ್ ಇನ್ನೊಂದು ಉಪಕಾರವನ್ನೂ ಮಾಡಿತು. ಎದೆ ಡವಗುಟ್ಟಿದರೆ ನನಗೆ ಹೆದರಿಕೆ, ಹೆದರಿದರೆ ಬೆರಳು ಚರ್ಮ ಹುಡುಕುತ್ತದೆ. ಹಗ್ಗ ಹಾರುವಾಗ ಅದೇ ಡವಡವ, ಅದೇ ಏದುಸಿರು, ನಿಲ್ಲಿಸಿ ಐದು ನಿಮಿಷಕ್ಕೆ ತಾನಾಗಿ ಇಳಿಯುತ್ತದೆ. ಇದನ್ನು ದಿನಾ ನೋಡಿ ನೋಡಿ, ಎದೆಬಡಿತ ಏರಿದ ಕೂಡಲೇ ಏನಾದರೂ ಮಾಡಲೇಬೇಕು ಎಂಬ ಧಾವಂತ ಕಡಿಮೆಯಾಯಿತು.

ಯಾರೂ ನನಗೆ ಮುಂಚೆ ಹೇಳದಿದ್ದದ್ದು ಬೆವರು ಮತ್ತು ಸ್ನಾನದ ವಿಷಯ. ಹಸಿ ಗಾಯಕ್ಕೆ ಬೆವರಿಳಿದರೆ ಉರಿ, ಆ ಉರಿಯೇ ಕೈಯನ್ನು ಅಲ್ಲಿಗೆ ಕರೆಯುತ್ತದೆ. ಹೊರಡುವ ಮೊದಲು ಗಾಯಗಳಿಗೆ ಪ್ಲಾಸ್ಟರ್ ಹಚ್ಚತೊಡಗಿದೆ. ಸ್ನಾನದ್ದು ಇನ್ನೂ ಕಷ್ಟ. ಬಿಸಿನೀರಿಗೆ ಹಕ್ಕಳೆ ನೆನೆದು ಮೆತ್ತಗಾಗಿರುತ್ತದೆ, ಎದುರಿಗೆ ಕನ್ನಡಿ, ಮೇಲೆ ಪ್ರಖರ ಬೆಳಕು. ಮೊದಲ ತಿಂಗಳು ವ್ಯಾಯಾಮ ಗಳಿಸಿಕೊಟ್ಟದ್ದನ್ನು ಬಚ್ಚಲುಮನೆಯಲ್ಲಿ ಕಳೆದುಕೊಂಡೆ. ಈಗ ಉಗುರುಬೆಚ್ಚಗಿನ ನೀರು, ಕನ್ನಡಿಗೆ ಟವೆಲ್, ಹತ್ತು ನಿಮಿಷದ ಅಲಾರಂ. ಹೊರಗೆ ಬಂದ ಮೇಲೆ ಮಾಯಿಶ್ಚರೈಸರ್, ಉದ್ದ ತೋಳಿನ ಅಂಗಿ. ಚರ್ಮ ನುಣುಪಾಗಿದ್ದರೆ ಬೆರಳಿಗೆ ತಡವಲು ಏನೂ ಸಿಗುವುದಿಲ್ಲ.

ಒಂದು ತಪ್ಪನ್ನೂ ಹೇಳಬೇಕು. ಒಂದು ರಾತ್ರಿ ಗಲ್ಲವನ್ನೆಲ್ಲ ಕೆಡಿಸಿಕೊಂಡು, ಮರುದಿನ ಅದರ ಸಿಟ್ಟಿಗೆ ಎರಡರಷ್ಟು ವ್ಯಾಯಾಮ ಮಾಡಿದೆ. ಹೀಗೆ ನಾಲ್ಕೈದು ಸಲವಾಯಿತು. ವ್ಯಾಯಾಮ ಶಿಕ್ಷೆಯಾದ ಕೂಡಲೇ ಅದರ ಹೆಸರೆತ್ತಿದರೆ ಆತಂಕವಾಗತೊಡಗಿತು. ಸಮಾಲೋಚಕರು ಕಟ್ಟುನಿಟ್ಟಾಗಿ ಹೇಳಿದರು: ಕಿತ್ತ ಮರುದಿನವೂ ಅಷ್ಟೇ ನಿಮಿಷ, ಬೇಕಾದರೆ ಕಡಿಮೆ, ಹೆಚ್ಚು ಬೇಡ. ನೀವು ಇದನ್ನು ಪ್ರಯತ್ನಿಸುವುದಾದರೆ ದಯವಿಟ್ಟು ಈ ಮಾತನ್ನು ಮೊದಲ ದಿನದಿಂದಲೇ ಪಾಲಿಸಿ.

ಆರನೇ ತಿಂಗಳಲ್ಲಿ ಕಾಲು ಉಳುಕಿ ಮೂರು ವಾರ ಮನೆಯಲ್ಲಿ ಕೂತೆ. ಒಂದೇ ವಾರದಲ್ಲಿ ತೋಳಿನ ಮೇಲೆ ಹೊಸ ಗಾಯಗಳು. ಎಲ್ಲ ಭಾರವನ್ನೂ ವ್ಯಾಯಾಮದ ಮೇಲೆ ಹಾಕಿದ್ದೆ ಎಂದು ಆಗ ಅರ್ಥವಾಯಿತು. ಹ್ಯಾಬಿಟ್ ರಿವರ್ಸಲ್ ತರಬೇತಿ ಶುರುವಾದದ್ದು ಆ ದಿನಗಳಲ್ಲೇ. 1973ರಲ್ಲಿ ಅಜ್ರಿನ್ ಮತ್ತು ನನ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದ ವಿಧಾನ ಅದು. ಕೈ ಚರ್ಮದ ಕಡೆ ಹೊರಟದ್ದು ಗೊತ್ತಾದ ಕ್ಷಣ ಮುಷ್ಟಿ ಬಿಗಿಹಿಡಿದು ಒಂದು ನಿಮಿಷ ಹಾಗೇ ಇರಿಸುವುದು. ಕೂತಲ್ಲೇ ಮಾಡಬಹುದು. ಓದುವಾಗ, ಫೋನಿನಲ್ಲಿ ಮಾತಾಡುವಾಗ ಅರಿವಿಲ್ಲದೆ ಕೀಳುವುದಕ್ಕೆ ಯಾವ ವ್ಯಾಯಾಮವೂ ಇದರಷ್ಟು ಕೆಲಸಕ್ಕೆ ಬರಲಿಲ್ಲ.

ಈಗ ಒಂದೂವರೆ ವರ್ಷ. ಭುಜ, ತೋಳು ಮಾದಿವೆ, ಕಪ್ಪು ಕಲೆಗಳು ನಿಧಾನಕ್ಕೆ ತಿಳಿಯಾಗುತ್ತಿವೆ. ಹೆಬ್ಬೆರಳು ಮಾತ್ರ ಇನ್ನೂ ಸೋತಿಲ್ಲ; ಕಳೆದ ತಿಂಗಳು ಕೀವಾಗಿ, ಸುತ್ತ ಕೆಂಪು ಹರಡಿ ವೈದ್ಯರ ಹತ್ತಿರ ಹೋಗಬೇಕಾಯಿತು. ಇದನ್ನು ಟೈಪ್ ಮಾಡುವಾಗಲೂ ಅದಕ್ಕೆ ಪ್ಲಾಸ್ಟರ್ ಸುತ್ತಿದೆ. ಎರಡು ಸಲ ನಿಲ್ಲಿಸಿ ಮುಷ್ಟಿ ಹಿಡಿದೆ. ಆರೂಕಾಲು ಆಗುತ್ತಾ ಬಂತು, ಹಗ್ಗ ಬಾಗಿಲ ಹಿಡಿಗೆ ನೇತಾಡುತ್ತಿದೆ.