ಕಷ್ಟದ ದಿನಗಳಲ್ಲಿ ಕೀರ್ತನೆ ಹಿಡಿದು ಪ್ರಾರ್ಥಿಸುವ ಬಗೆ

ಕೆಲಸ ಹೋದಾಗ, ಬಯಾಪ್ಸಿ ರಿಪೋರ್ಟ್ ಕೈಗೆ ಬಂದಾಗ, ಮನೆಯವರೊಬ್ಬರನ್ನು ಮಣ್ಣು ಮಾಡಿ ಬಂದ ಮರುದಿನ, ಪ್ರಾರ್ಥನೆಗೆ ಕೂತರೆ ಮಾತೇ ಹೊರಡುವುದಿಲ್ಲ. ಅಭ್ಯಾಸಬಲದ ‘ಸ್ತೋತ್ರ ಕರ್ತನೇ’ ಕೂಡ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇಂಥ ಹೊತ್ತಿಗೆ ಬೇಕಾದ ಮಾತುಗಳು ಬೈಬಲಿನಲ್ಲಿ ಸಿದ್ಧವಾಗಿಯೇ ಇವೆ. ಅದರ ಕೀರ್ತನೆಗಳ ಪುಸ್ತಕದಲ್ಲಿರುವ 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಗೋಳಿನ ಕೀರ್ತನೆಗಳು. ಅಳು, ದೂರು, ದೇವರ ಜೊತೆ ನೇರ ಜಗಳ ಎಲ್ಲವೂ ಅಲ್ಲಿವೆ. ಆರಾಧನೆಯಲ್ಲಿ ನಾವು 23, 100, 103, 121 ಇವುಗಳನ್ನೇ ಮತ್ತೆಮತ್ತೆ ಓದುವುದರಿಂದ ಉಳಿದ ಪುಟಗಳ ಪರಿಚಯ ಆಗಿರುವುದಿಲ್ಲ, ಅಷ್ಟೆ.

ದೇವರ ಹತ್ತಿರ ದೂರು ಹೇಳಿದರೆ ನಂಬಿಕೆ ಕಡಿಮೆಯಾದಂತೆ ಎಂಬ ಭಯ ಹಲವರಿಗಿದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನ ಗ್ರಂಥದ ಕೊನೆ ನೋಡಿ. ದೇವರನ್ನು ಸಮರ್ಥಿಸಿಕೊಂಡು ಮಾತಾಡಿದ ಸ್ನೇಹಿತರ ಮೇಲೆಯೇ ದೇವರಿಗೆ ಸಿಟ್ಟು. ಅಷ್ಟೂ ಅಧ್ಯಾಯ ದೂರಿದ ಯೋಬ ಸರಿಯಾಗಿ ಮಾತಾಡಿದ್ದಾನೆ ಎಂದು 42:7ರಲ್ಲಿದೆ. ಶಿಲುಬೆಯ ಮೇಲೆ ಯೇಸುವಿನ ಬಾಯಲ್ಲಿ ಬಂದದ್ದೂ 22ನೆಯ ಕೀರ್ತನೆಯ ಮೊದಲ ಸಾಲು, ‘ಯಾಕೆ ಕೈಬಿಟ್ಟೆ’ ಎಂಬ ಪ್ರಶ್ನೆ. ಹಾಗಾಗಿ ಈ ಕೀರ್ತನೆಗಳನ್ನು ಹಿಡಿಯಲು ಹಿಂಜರಿಯಬೇಕಾಗಿಲ್ಲ. ಹಿಡಿಯುವ ಕ್ರಮ ಗೊತ್ತಿದ್ದರೆ ಸಾಕು.

ಮೊದಲು ಊಟ, ನಿದ್ದೆ

1 ಅರಸು 19ರಲ್ಲಿ ಪ್ರವಾದಿ ಎಲೀಯ ಪ್ರಾಣಭಯದಿಂದ ಅಡವಿಗೆ ಓಡಿ, ಗಿಡದ ಬುಡದಲ್ಲಿ ಕೂತು ‘ಸಾಕು, ನನ್ನ ಪ್ರಾಣ ತೆಗೆದುಬಿಡು’ ಎನ್ನುತ್ತಾನೆ. ಬಂದ ದೂತ ಬೋಧನೆ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು ತೋರಿಸಿ ‘ಎದ್ದು ತಿನ್ನು’ ಎನ್ನುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ಎರಡನೆಯ ಸಲವೂ ಅದೇ. ‘ಇಲ್ಲೇನು ಮಾಡುತ್ತಿದ್ದೀ’ ಎಂದು ದೇವರು ಕೇಳುವುದು ಅದಾದ ಮೇಲೆ, ಅವನು 40 ದಿನ ನಡೆದು ಹೋರೇಬ್ ಬೆಟ್ಟ ಸೇರಿದ ನಂತರ.

ಪೆಟ್ಟು ಬಿದ್ದ ಮೊದಲ ವಾರಕ್ಕೆ ಇದೇ ಕ್ರಮ. ಗಂಜಿಯಾದರೂ ಸರಿ, ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಲಿ. ನಿದ್ದೆ ಬಾರದಿದ್ದರೂ ದೀಪ ಆರಿಸಿ ಮಲಗಿ. ದಿನದ ಮಾತ್ರೆ ತಪ್ಪಿಸಬೇಡಿ. ಉಪವಾಸ ಪ್ರಾರ್ಥನೆಯನ್ನು ಈ ವಾರ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ದಿನವೂ ಮಾತ್ರೆ ತೆಗೆದುಕೊಳ್ಳುವವರು ಮುಂದೆಯೂ ಡಾಕ್ಟರನ್ನು ಕೇಳದೆ ಉಪವಾಸ ಮಾಡಬಾರದು.

ಪ್ರಾರ್ಥನೆ ಒಂದೇ ಸಾಲು ಇರಲಿ. ಯೆರಿಕೋವಿನ ದಾರಿಬದಿಯ ಕುರುಡ ಕೂಗಿದ ಮಾತು ಇದಕ್ಕೆ ಚೆನ್ನಾಗಿ ಒದಗುತ್ತದೆ (ಲೂಕ 18:38). ಉಸಿರು ಎಳೆದುಕೊಳ್ಳುವಾಗ ‘ಯೇಸುವೇ’, ಬಿಡುವಾಗ ‘ನನ್ನನ್ನು ಕರುಣಿಸು’. ಹತ್ತು ಸಲ ಹೇಳಿ ನಿಲ್ಲಿಸಿ. ಐಸಿಯು ಹೊರಗಿನ ಬೆಂಚಿನಲ್ಲಿ, ಬಸ್ಸಿನಲ್ಲಿ, ಬಿಲ್ ಕೌಂಟರಿನ ಸಾಲಿನಲ್ಲಿ ತುಟಿ ಅಲ್ಲಾಡಿಸದೆ ಹೇಳಬಹುದು. ಬಿಡುವ ಉಸಿರು ಎಳೆದುಕೊಂಡದ್ದಕ್ಕಿಂತ ತುಸು ಉದ್ದವಿದ್ದರೆ ಎದೆಬಡಿತವೂ ಇಳಿಯುತ್ತದೆ.

ಯಾವ ಕಷ್ಟಕ್ಕೆ ಯಾವ ಕೀರ್ತನೆ

ಕಾಯಿಲೆಗೆ 6, 38. ವಯಸ್ಸಾಗಿ ಕೈಲಾಗದೆ, ಬೇಡವಾದವರಂತೆ ಅನಿಸಿದರೆ 71. ನಂಬಿದವರೇ ಬೆನ್ನಿಗೆ ಇರಿದಿದ್ದರೆ 55. ಶತ್ರು ಮಾಡಿದ್ದರೆ ತಾಳಬಹುದಿತ್ತು, ಮಾಡಿದವನು ನನ್ನ ಗೆಳೆಯ ಎಂಬ ಸಂಕಟ ಅಲ್ಲಿ ಹಸಿಯಾಗಿಯೇ ಇದೆ. ಅನ್ಯಾಯ ಮಾಡಿದವರು ಚೆನ್ನಾಗಿದ್ದಾರೆ, ನಾವು ಹೀಗಾದೆವು ಎಂಬ ಉರಿಗೆ 73. ತಪ್ಪು ನಮ್ಮದೇ ಆಗಿದ್ದರೆ 51 ಮತ್ತು 130. ಚರ್ಚಿಗೆ ಹೋಗುವ ಮನಸ್ಸೇ ಸತ್ತಿದ್ದರೆ 42 ಮತ್ತು 43 ಕೂಡಿಸಿ ಓದಿ. ಎರಡರಲ್ಲೂ ಒಂದೇ ಪಲ್ಲವಿ ಇದೆ. ರಾತ್ರಿ ಮಲಗುವಾಗ 4, ಅದರಲ್ಲೂ 8ನೆಯ ವಚನ.

88ರ ಬಗ್ಗೆ ಬೇರೆಯಾಗಿ ಹೇಳಬೇಕು. ಅದರ 18 ವಚನಗಳಲ್ಲಿ ಕೊನೆಗೂ ಬೆಳಕು ಬರುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಸಮಾಧಾನದ ಯಾವ ಮಾತೂ ಕಿವಿಗೆ ಹಿಡಿಸದಷ್ಟು ಕುಗ್ಗಿದವರಿಗೆ ಇದು ತಕ್ಕದ್ದು, ಏಕೆಂದರೆ ಅದು ಏನನ್ನೂ ಒಪ್ಪಿಸಲು ಹೊರಡುವುದಿಲ್ಲ. ಆದರೆ ಒಬ್ಬರೇ ಕೂತು, ರಾತ್ರಿ ಹೊತ್ತು ಓದಬೇಡಿ. ಹಗಲು, ಇನ್ನೊಬ್ಬರ ಜೊತೆ ಓದಿ.

ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟಲ್ಲಿ ಸಿಕ್ಕ ವಚನವೇ ಉತ್ತರ ಎನ್ನುವ ಪದ್ಧತಿ ಬೇಡ. ಭಯದಲ್ಲಿರುವವರ ಬೆರಳಿಗೆ ಶಾಪದ ವಚನ ಸಿಕ್ಕರೆ ಒಂದು ವಾರ ನಿದ್ದೆ ಹಾಳು.

13ನೆಯ ಕೀರ್ತನೆ, 15 ನಿಮಿಷ

ಕಲಿಯಲು ಇದೇ ಸರಿ, ಆರೇ ವಚನ. ಅಚ್ಚಾದ ಪುಸ್ತಕ ತೆಗೆದುಕೊಳ್ಳಿ. ಮೊಬೈಲಿನಲ್ಲಿ ಓದಲು ಹೋದರೆ ಮಧ್ಯದಲ್ಲಿ ಬ್ಯಾಂಕಿನ ಮೆಸೇಜ್ ಬರುತ್ತದೆ. ಹಾಸಿಗೆ ಬಿಟ್ಟು ಕುರ್ಚಿಯಲ್ಲೋ ಚಾಪೆಯಲ್ಲೋ ಕೂರಿ. ಸಣ್ಣ ದನಿಯಲ್ಲಾದರೂ ಬಾಯಿಬಿಟ್ಟು ಓದಿ. ಮನಸ್ಸಿನಲ್ಲೇ ಓದಿದರೆ ಚುಚ್ಚುವ ಸಾಲುಗಳ ಮೇಲೆ ಕಣ್ಣು ಜಾರಿಬಿಡುತ್ತದೆ.

ಮೊದಲ ಸಲ ಆರೂ ವಚನ ನಿಧಾನವಾಗಿ ಓದಿ, ಒಂದು ನಿಮಿಷ ಸುಮ್ಮನಿರಿ.

ಎರಡನೆಯ ಸಲ 1 ಮತ್ತು 2ರಲ್ಲಿ ನಿಲ್ಲಿ. ಅಲ್ಲಿ ‘ಎಷ್ಟರವರೆಗೆ’ ಎಂದು ನಾಲ್ಕು ಸಲ ಕೇಳಿದೆ. ಒಂದೊಂದು ಸಲವೂ ನಿಮ್ಮದನ್ನು ಇಡಿ: ‘ಇನ್ನೆಷ್ಟು ದಿನ ಈ ಇಂಟರ್‌ವ್ಯೂಗಳು?’ ‘ಇನ್ನೆಷ್ಟು ಸಲ ಮಗನಿಗೆ ಸುಳ್ಳು ಹೇಳಲಿ?’ ದೊಡ್ಡ ಮಾತು ಬೇಡ. ತಿಂಗಳ ಕಂತು, ಮನೆ ಬಾಡಿಗೆ, ಕೀಮೋ ನಂತರದ ವಾಂತಿ, ಅತ್ತೆಯ ಒಂದು ಚುಚ್ಚುಮಾತು, ಇದ್ದದ್ದನ್ನು ಇದ್ದ ಹೆಸರಿನಲ್ಲೇ ಹೇಳಿ. ಅಳು ಬಂದರೆ ತಡೆಯಬೇಡಿ, ಓದು ಅಲ್ಲಿಗೇ ನಿಂತರೂ ನಷ್ಟವಿಲ್ಲ.

3 ಮತ್ತು 4 ಬೇಡಿಕೆ. ಕೀರ್ತನೆಗಾರ ‘ನನ್ನನ್ನು ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು’ ಎಂದು ಮೂರು ಕೇಳುತ್ತಾನೆ. ನೀವು ಒಂದೇ ಕೇಳಿ, ಅದೂ ಸಣ್ಣದಾಗಿ, ದಿನದ ಲೆಕ್ಕದಲ್ಲಿ: ‘ಗುರುವಾರದ ಸ್ಕ್ಯಾನಿಗೆ ಅಣ್ಣ ಜೊತೆಗೆ ಬರುವಂತಾಗಲಿ.’ ‘ಎಲ್ಲ ಸರಿಮಾಡು’ ಎಂದು ಕೇಳಿದರೆ ಏನು ಸರಿಯಾಯಿತು, ಏನಾಗಲಿಲ್ಲ ಎಂದು ನಿಮಗೇ ತಿಳಿಯುವುದಿಲ್ಲ.

5 ಮತ್ತು 6ರಲ್ಲಿ ದನಿ ತಿರುಗುತ್ತದೆ: ನಿನ್ನ ಕೃಪೆಯನ್ನು ನಂಬಿದ್ದೇನೆ, ಹಾಡುತ್ತೇನೆ. ಗಮನಿಸಿ, 4ಕ್ಕೂ 5ಕ್ಕೂ ನಡುವೆ ಹೊರಗೆ ಏನೂ ಬದಲಾದ ಸುದ್ದಿ ಇಲ್ಲ. ಶತ್ರು ಅಲ್ಲೇ ಇದ್ದಾನೆ. ಬದಲಾದದ್ದು, ಹೇಳಬೇಕಾದ್ದನ್ನು ಹೇಳಿ ಮುಗಿಸಿದ್ದಾನೆ ಎನ್ನುವುದೊಂದೇ. ಆದ್ದರಿಂದ 5ಕ್ಕೆ ನೇರವಾಗಿ ಹಾರಬೇಡಿ; ದೂರನ್ನು ನುಂಗಿ ಹಾಡಿದ ಸ್ತೋತ್ರ ಬಹಳ ದಿನ ನಿಲ್ಲುವುದಿಲ್ಲ. 5 ಬಾಯಿಗೆ ಬರದಿದ್ದರೆ 4ಕ್ಕೇ ನಿಲ್ಲಿಸಿ, ಕರ್ತನು ಕಲಿಸಿದ ಪ್ರಾರ್ಥನೆ ಹೇಳಿ ಏಳಿ.

15 ನಿಮಿಷ ಮುಗಿದರೆ ಏಳಲೇಬೇಕು. ಅದಕ್ಕಿಂತ ಹೆಚ್ಚಾದರೆ ಪ್ರಾರ್ಥನೆ ಹೋಗಿ ಚಿಂತೆ ಕೂರುತ್ತದೆ, ಅದೇ ಮಾತು ತಲೆಯಲ್ಲಿ ಗಾಣದೆತ್ತಿನಂತೆ ಸುತ್ತತೊಡಗುತ್ತದೆ. ಒಂದು ವಾರ ಇದೇ ಕೀರ್ತನೆ, ಆದಷ್ಟು ಒಂದೇ ಹೊತ್ತಿಗೆ. ನಾಲ್ಕನೆಯ ದಿನದ ಹೊತ್ತಿಗೆ ಬೇಸರ ಬರುವುದು ಸಹಜ, ಆದರೂ ಬದಲಿಸಬೇಡಿ. ಬಾಯಿಪಾಠವಾದ ಸಾಲು ರಾತ್ರಿ ಎರಡು ಗಂಟೆಗೆ ತಾನಾಗಿ ನೆನಪಿಗೆ ಬರುತ್ತದೆ; ಹೊಸದಾಗಿ ಓದಿದ್ದು ಬರುವುದಿಲ್ಲ.

ಎರಡನೆಯ ವಾರ ನಿಮ್ಮದೇ ಕೀರ್ತನೆ ಬರೆಯಿರಿ. ನೋಟ್‌ಬುಕ್ಕಿನ ಒಂದು ಪುಟ, ಎಂಟು ಹತ್ತು ಸಾಲು, ಮೇಲೆ ತಾರೀಖು. ಕ್ರಮ ಅದೇ: ದೇವರನ್ನು ಕರೆಯುವುದು, ದೂರು, ಬೇಡಿಕೆ, ಹಿಂದೆ ಆತ ಕೈಹಿಡಿದ ಒಂದು ಸಂಗತಿ, ಮುಂದೆ ಮಾಡುವೆನೆಂಬ ಒಂದು ಮಾತು. ದೂರಿಗೆ ಅರ್ಧ ಪುಟ ಹೋದರೂ ಹೋಗಲಿ. ನಾಲ್ಕನೆಯ ಭಾಗ ತೋಚದಿದ್ದರೆ 77ನೆಯ ಕೀರ್ತನೆ ನೋಡಿ; ದೇವರು ದಯೆ ತೋರುವುದನ್ನೇ ಮರೆತನೋ ಎಂದು ಸಾಲುಸಾಲಾಗಿ ಕೇಳಿದವನು 11ನೆಯ ವಚನದಿಂದ ಹಳೆಯದನ್ನು ನೆನಪಿಸಿಕೊಳ್ಳುತ್ತಾನೆ. ಕೊನೆಯ ಭಾಗದಲ್ಲಿ ದುಡುಕಿ ದೊಡ್ಡ ಹರಕೆ ಹೊರಬೇಡಿ. ಹರಸಿಕೊಂಡು ತೀರಿಸದಿರುವುದಕ್ಕಿಂತ ಹರಸಿಕೊಳ್ಳದಿರುವುದೇ ಮೇಲು ಎಂದು ಪ್ರಸಂಗಿ 5:5 ಹೇಳುತ್ತದೆ.

ಎಡವುವ ಜಾಗಗಳು

ಏನೂ ಅನಿಸುತ್ತಿಲ್ಲ, ಗೋಡೆಗೆ ಮಾತಾಡಿದಂತಿದೆ ಎಂಬುದು ಎಲ್ಲರೂ ಹೇಳುವ ದೂರು. ಅನಿಸಿಕೆಯನ್ನು ಅಳತೆಗೋಲು ಮಾಡಬೇಡಿ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡ ಮೇಲೆ, 2007ರಲ್ಲಿ ಅವರ ಪತ್ರಗಳು ಪ್ರಕಟವಾದವು. ದಶಕಗಳ ಕಾಲ ದೇವರು ಹತ್ತಿರವಿದ್ದಾನೆಂಬ ಅನುಭವವೇ ಇರಲಿಲ್ಲ ಎಂದು ಅವುಗಳಲ್ಲಿದೆ. ಅಷ್ಟೂ ವರ್ಷ ಪ್ರಾರ್ಥನೆಯೂ ನಿಲ್ಲಲಿಲ್ಲ, ಕೆಲಸವೂ ನಿಲ್ಲಲಿಲ್ಲ.

‘ಯಾವ ಪಾಪಕ್ಕೆ ಈ ಶಿಕ್ಷೆ’ ಎಂದು ಹುಡುಕುತ್ತಾ ಕೂರುವುದು ಎರಡನೆಯದು. ಸಿಲೋವಾಮಿನ ಬುರುಜು ಬಿದ್ದು 18 ಜನ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲ ಎಂದು ಯೇಸು ನೇರವಾಗಿ ಹೇಳಿದ (ಲೂಕ 13:4). ಹುಟ್ಟುಕುರುಡನ ವಿಷಯದಲ್ಲೂ ಇವನ ಪಾಪವೂ ಅಲ್ಲ, ಹೆತ್ತವರ ಪಾಪವೂ ಅಲ್ಲ ಎಂದ (ಯೋಹಾನ 9:3). ಹೀಗಿದ್ದೂ ಸಂತಾಪಕ್ಕೆ ಬಂದವರು ಕಾಫಿ ಕುಡಿಯುತ್ತಾ ಕಾರಣ ಪತ್ತೆಹಚ್ಚುತ್ತಾರೆ!

ದೇವರು ಕಾಪಾಡುತ್ತಾನೆ ಎನ್ನುವ 91ನೆಯ ಕೀರ್ತನೆಯನ್ನು ತಾಯಿತದಂತೆ ಬಳಸುವುದು ಮತ್ತೊಂದು. ಬಾಗಿಲಿಗೆ ಅಂಟಿಸಿದರೆ, ಗಾಡಿಗೆ ಬರೆಸಿದರೆ ಏನೂ ಆಗುವುದಿಲ್ಲ ಎಂದುಕೊಂಡವರು, ಆದಾಗ ನಂಬಿಕೆಯನ್ನೇ ಬಿಡುತ್ತಾರೆ. ದೇವಾಲಯದ ತುದಿಯಿಂದ ಧುಮುಕು ಎಂದು ಯೇಸುವನ್ನು ಸೈತಾನ ಪುಸಲಾಯಿಸಿದ್ದು ಇದೇ ಕೀರ್ತನೆಯ ವಚನ ಹೇಳಿ.

ಮನಸ್ಸು ಕುಸಿದಿರುವಾಗ ದೊಡ್ಡ ತೀರ್ಮಾನ ತೆಗೆದುಕೊಳ್ಳಬೇಡಿ. ನೆಮ್ಮದಿಯಲ್ಲಿದ್ದಾಗ ಮಾಡಿದ ನಿರ್ಧಾರವನ್ನು ಕತ್ತಲೆಯ ಹೊತ್ತಿನಲ್ಲಿ ಬದಲಿಸಬಾರದು ಎಂಬುದು 16ನೆಯ ಶತಮಾನದಲ್ಲಿ ಲೊಯೋಲಾದ ಸಂತ ಇಗ್ನಾಸಿಯ ಕೊಟ್ಟ ನಿಯಮ. ಮನೆ ಮಾರುವುದು, ಓದು ಬಿಡುವುದು, ಸಭೆ ಬದಲಿಸುವುದು ಇವೆಲ್ಲ ಸ್ವಲ್ಪ ಕಾಯಲಿ.

ಇದಕ್ಕೊಂದು ಅಪವಾದ ಇದೆ: ಮನೆಯಲ್ಲಿ ಹೊಡೆತ ಬಡಿತ. ಸಹಿಸಿಕೊಂಡು ಪ್ರಾರ್ಥಿಸು ಎನ್ನುವವರ ಮಾತು ಕೇಳಬೇಡಿ. ಅರಸ ಸೌಲ ಈಟಿ ಎಸೆದಾಗ ದಾವೀದ ಎದೆಯೊಡ್ಡಿ ನಿಲ್ಲಲಿಲ್ಲ, ಹೆಂಡತಿ ಮೀಕಲಳು ಕಿಟಕಿಯಿಂದ ಇಳಿಸಿದಾಗ ಓಡಿಹೋಗಿ ಜೀವ ಉಳಿಸಿಕೊಂಡ (1 ಸಮುವೇಲ 19). ಮೊದಲು ಸುರಕ್ಷಿತ ಜಾಗ ಸೇರಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕ್ಷಮೆಯ ಮಾತು ಆಮೇಲಿನದು. ಕ್ಷಮಿಸಿದರೂ ವಾಪಸ್ ಹೋಗಲೇಬೇಕೆಂದಿಲ್ಲ.

ಜೊತೆಗೆ ಯಾರು

ಸೆರೆಸಿಕ್ಕ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಹತ್ತಿರ ಕರೆದುಕೊಂಡು ಹೋದದ್ದು ಮೂವರನ್ನು ಮಾತ್ರ: ಪೇತ್ರ, ಯಾಕೋಬ, ಯೋಹಾನ. ಅವರೂ ನಿದ್ದೆಹೋದರು ಎನ್ನುವುದು ಬೇರೆ ಮಾತು. ಸಭೆಯ ವಾಟ್ಸಾಪ್ ಗುಂಪಿಗೆ ಎಲ್ಲವನ್ನೂ ಹಾಕುವ ಬದಲು ಇಬ್ಬರು ಮೂವರನ್ನು ಆರಿಸಿ. ಗುಟ್ಟು ಕಾಪಾಡುವವರು, ಫೋನ್ ಎತ್ತುವವರು, ಮಾತು ಮಾತಿಗೆ ವಚನ ಎಸೆಯದವರು ಇದ್ದರೆ ಸರಿ. ‘ಪ್ರಾರ್ಥಿಸಿ’ ಎನ್ನುವುದಷ್ಟೇ ಸಾಲದು. ಮಗುವನ್ನು ಶಾಲೆಯಿಂದ ಕರೆತರುವುದು, ರಾತ್ರಿ ಆಸ್ಪತ್ರೆಯಲ್ಲಿ ಉಳಿಯುವುದು, ಹೀಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳಿ.

ಕಾಯಿಲೆಯವರು ಸಭೆಯ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿಸಿ ಪ್ರಾರ್ಥನೆ ಮಾಡಿಸಿಕೊಳ್ಳಲಿ ಎಂದು ಯಾಕೋಬ 5:14ರಲ್ಲಿದೆ. ಪಾಸ್ಟರ್ ತಾವಾಗಿ ಬರಲಿಲ್ಲ ಎಂದು ಮುನಿಸಿಕೊಳ್ಳುವ ಬದಲು ಫೋನ್ ಮಾಡಿ. ಆ ವಚನದಲ್ಲೂ ಕರೆಸುವ ಕೆಲಸ ರೋಗಿಯದ್ದೇ. ಕಥೋಲಿಕರಲ್ಲಿ ಇದು ಸಂಸ್ಕಾರ. ಫಾದರ್ ಎಣ್ಣೆ ಹಚ್ಚಲು ಬಂದರೆ ಸಾವು ಬಂತೆಂದೇ ಲೆಕ್ಕ ಎಂಬ ಹೆದರಿಕೆ ಹಳೆಯ ತಲೆಮಾರಿನದು. ಪ್ರಾಣ ಹೋಗುವ ಘಳಿಗೆಯಲ್ಲಿರುವವರಿಗೆ ಮಾತ್ರವಲ್ಲ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸ್ಪಷ್ಟಪಡಿಸಿದೆ. ದೊಡ್ಡ ಆಪರೇಷನ್‌ಗೆ ಮುಂಚೆ ಕೇಳಿ ಪಡೆಯಬಹುದು.

ನೋಡಲು ಹೋಗುವವರಿಗೂ ಒಂದು ಮಾತು. ಯೋಬನ ಸ್ನೇಹಿತರು ಏಳು ದಿನ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ, ಬಾಯಿ ತೆರೆದದ್ದೇ ಎಲ್ಲ ಕೆಟ್ಟಿತು. ‘ಆತನ ಕರುಣೆ ಪ್ರತಿ ಬೆಳಗ್ಗೆ ಹೊಸದು’ ಎಂಬ ಪ್ರಲಾಪಗಳು 3:23ರ ಕಾರ್ಡ್ ಫಾರ್ವರ್ಡ್ ಮಾಡುವ ಮುಂಚೆ ಅದರ ಹಿಂದಿನ ಎರಡು ಅಧ್ಯಾಯ ಓದಿ. ಆ ಮಾತು ಬರುವುದು ಅಷ್ಟು ಅತ್ತ ಮೇಲೆ.

ಹಣ, ಔಷಧ

ಕಷ್ಟದಲ್ಲಿರುವವರನ್ನು ಹುಡುಕಿಕೊಂಡು ಬರುವವರಿದ್ದಾರೆ. ಇಷ್ಟು ಕಾಣಿಕೆ ಬಿತ್ತಿದರೆ ಇಷ್ಟು ಪಟ್ಟು ಬರುತ್ತದೆ, ಎಣ್ಣೆ ಬಾಟಲಿಗೆ ಇಷ್ಟು, ಪ್ರವಾದನೆಗೆ ಇಷ್ಟು ಎಂದು ದರ ಹೇಳಿದರೆ ಅಲ್ಲಿಂದ ಎದ್ದುಬನ್ನಿ. ಮಾತ್ರೆ ನಿಲ್ಲಿಸು, ಅದೇ ನಂಬಿಕೆಯ ಗುರುತು ಎಂದವರ ಮಾತು ಪ್ರಾಣಕ್ಕೇ ಕುತ್ತು. ಇನ್ಸುಲಿನ್, ಮೂರ್ಛೆರೋಗದ ಮಾತ್ರೆ, ಖಿನ್ನತೆಯ ಮಾತ್ರೆ ಇವನ್ನು ಒಮ್ಮೆಲೇ ಬಿಟ್ಟರೆ ಅಪಾಯ. ಅಪೊಸ್ತಲ ಪೌಲ ತನ್ನ ಶರೀರದ ಮುಳ್ಳು (ತನ್ನ ಬಾಧೆಗೆ ಅವನಿಟ್ಟ ಹೆಸರು) ತೆಗೆಯೆಂದು ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ (2 ಕೊರಿಂಥ 12). ಪೌಲನಿಗೇ ನಂಬಿಕೆ ಸಾಲದೆ ಹೋಯಿತೇ?

ಎರಡು ವಾರ ಕಳೆದರೂ ಊಟ ಸೇರದಿದ್ದರೆ, ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಡಾಕ್ಟರನ್ನು ಕಾಣಿ. ಸಾಯಬೇಕೆಂಬ ಯೋಚನೆ ಬಂದರೆ ಎರಡು ವಾರ ಕಾಯಬೇಡಿ. ಸಾವು ಬೇಡಿದವರು ಬೈಬಲಿನಲ್ಲೇ ಇದ್ದಾರೆ, ಎಲೀಯ, ಯೋನ, ಯೋಬ. ಹೇಳಿಕೊಳ್ಳಲು ನಾಚಿಕೆ ಬೇಡ. ಹತ್ತಿರದವರಿಗೆ ಆಗಲೇ ಹೇಳಿ, ಒಬ್ಬರೇ ಇರಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ತಿಂಗಳುಗಳು ಕಳೆದ ಮೇಲೆ

ಸಾವಿನ ಮನೆಗೆ ಮೊದಲ ಕ್ರಿಸ್‌ಮಸ್, ಮೊದಲ ವರ್ಷದ ದಿನ, ಕಥೋಲಿಕರಾದರೆ ನವೆಂಬರ್ 2ರ ಸಮಾಧಿ ಭೇಟಿ, ಇವು ಮತ್ತೆ ಹಳೆಯ ಜಾಗಕ್ಕೇ ತಳ್ಳುತ್ತವೆ. ತಾರೀಖು ಮೊದಲೇ ಗೊತ್ತಿರುವುದರಿಂದ ಎರಡು ವಾರ ಮುಂಚೆ ಯೋಜನೆ ಮಾಡಿ: ಅಂದು ಯಾವ ಕೀರ್ತನೆ, ಊಟಕ್ಕೆ ಯಾರ ಮನೆ, ಕ್ಯಾರೆಲ್ಸ್‌ನವರು ಮನೆಗೆ ಬರಬೇಕೇ ಬೇಡವೇ. ಬೇಡವೆಂದಿದ್ದರೆ ಸಭೆಯ ಕಾರ್ಯದರ್ಶಿಗೆ ಮೊದಲೇ ತಿಳಿಸಿ. ಆರಾಧನೆಗೆ ಹೋಗುವುದಾದರೆ ಹಿಂದಿನ ಸಾಲಿನ ತುದಿಯಲ್ಲಿ ಕೂರಿ. ಹಾಡಲಾಗದಿದ್ದರೆ ಸುಮ್ಮನಿರಿ, ಅಕ್ಕಪಕ್ಕದವರು ಹಾಡುತ್ತಾರೆ. ಮಧ್ಯದಲ್ಲಿ ಎದ್ದು ಹೊರಗೆ ಹೋಗಬೇಕೆನಿಸಿದರೆ ಹೋಗಿ ಬನ್ನಿ.